ಅಮೆರಿಕದ ಮೆಕ್ಕೆಜೋಳದ ಹೊಲಕ್ಕೆ ಸರ್ಕಾರದ ದುಡ್ಡು ಬರೋದು ಹೇಗೆ?

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಇಲಿನಾಯ್‌ನಲ್ಲಿ, ಬ್ಲೂಮಿಂಗ್ಟನ್ ಅನ್ನೋ ಊರಲ್ಲಿದ್ದಾರೆ, ಬೇಸಿಗೇಲಿ ಹೋಗಿದ್ವಿ. ಊರು ದಾಟಿದ್ರೆ ಕಣ್ಣು ಹಾಯೋವರೆಗೂ ಮೆಕ್ಕೆಜೋಳ, ಇಲ್ಲಾಂದ್ರೆ ಸೋಯಾ. ಇಲ್ಲಿ ರೈತರಿಗೆ ಸಿಕ್ಕಾಪಟ್ಟೆ ಸಬ್ಸಿಡಿ ಅಂತ ಅಳಿಯ ಅಂದ್ರು. ನಮ್ಮ ಬೆಂಬಲ ಬೆಲೆ ಥರಾನೇನಾ ಅದು? ಖರೀದಿ ಕೇಂದ್ರ ಒಂದೂ ಕಾಣಲಿಲ್ಲ. – ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಣಲ್ಲ ಸಾರ್, ಈ ಸ್ಕೀಮಲ್ಲಿ ಸರ್ಕಾರ ಜೋಳ ಮುಟ್ಟೋದೇ ಇಲ್ಲ. ರೈತ ತನ್ನ ಪಾಡಿಗೆ ಎಲಿವೇಟರ್‌ಗೆ, ಅಂದ್ರೆ ನೀವು ರೋಡ್ ಪಕ್ಕ ನೋಡಿರೋ ಆ ಎತ್ತರದ ಕಾಳಿನ ಗೋದಾಮಿಗೆ ಮಾರ್ಕೋತಾನೆ, ಆ ಹಂಗಾಮಿಗೆ ಇಡೀ ದೇಶದ ಸರಾಸರಿ ರೇಟು ಕಾನೂನಲ್ಲಿ ಬರೆದ ದರಕ್ಕಿಂತ ಕೆಳಗೆ ಬಿದ್ರೆ ವ್ಯತ್ಯಾಸ ಅಕೌಂಟಿಗೆ ಬೀಳುತ್ತೆ. ಇದಕ್ಕೆ ಪಿಎಲ್‌ಸಿ (ಪ್ರೈಸ್ ಲಾಸ್ ಕವರೇಜ್, ಅಂದ್ರೆ ಬೆಲೆ ಬಿದ್ದಾಗ ಕೊಡೋ ಪರಿಹಾರ) ಅಂತಾರೆ, 2014ರ ಫಾರ್ಮ್ ಬಿಲ್‌ನಲ್ಲಿ, ಅಂದ್ರೆ ಅಲ್ಲಿನ ಕೃಷಿ ಕಾನೂನಲ್ಲಿ ಬಂದಿದ್ದು. 2019ರ ಮೆಕ್ಕೆಜೋಳಕ್ಕೆ ಕಾನೂನಿನ ದರ ಬುಶಲ್‌ಗೆ (ಸುಮಾರು 25 ಕೆಜಿ) 3.70 ಡಾಲರ್ ಇತ್ತು, ಸರಾಸರಿ ರೇಟು 3.56ಕ್ಕೆ ನಿಂತ್ಕೊಂತು, 14 ಸೆಂಟ್ ಕೊಟ್ರು, ಅದೂ 2020ರ ಅಕ್ಟೋಬರ್ ಶುರುವಾದ್ಮೇಲೆ.

ಮಜಾ ಇರೋದು ಎಕರೆ ಲೆಕ್ಕದಲ್ಲಿ. ಈ ವರ್ಷ ಹೊಲದಲ್ಲಿ ಏನು ನಿಂತಿದೆ ಅಂತ ನೋಡಲ್ಲ, ಹಿಂದೆ ಯಾವತ್ತೋ ಬೆಳೆದಿದ್ದರ ಮೇಲೆ ಆ ಜಮೀನಿಗೆ ‘ಬೇಸ್ ಎಕರೆ’ ಅಂತ ದಾಖಲೆ ಮಾಡಿರ್ತಾರೆ, ದುಡ್ಡು ಅದರ ಶೇ. 85ಕ್ಕೆ. 500 ಎಕರೆ ಜೋಳದ ಬೇಸು, ಎಕರೆಗೆ 140 ಬುಶಲ್ ಇಳುವರಿ ಅಂತ ಬರೆದಿದೆ ಅನ್ಕೊಳ್ಳಿ, 14 ಸೆಂಟಿನ ಲೆಕ್ಕಕ್ಕೆ 8,330 ಡಾಲರ್. ಆ ವರ್ಷ ಅಷ್ಟಕ್ಕೂ ಸೋಯಾ ಬಿತ್ತಿದ್ರೂ ಜೋಳದ ದುಡ್ಡು ಬರುತ್ತೆ! ನಮ್ಮಲ್ಲಿ ಪಹಣಿಯಲ್ಲಿರೋ ಬೆಳೆ ಒಂದು ಹೊಲದಲ್ಲಿರೋದು ಇನ್ನೊಂದು ಆದ್ರೆ ಖರೀದಿ ಕೇಂದ್ರದಲ್ಲಿ ವಾಪಸ್ ಕಳಿಸ್ತಾರೆ, ಅಲ್ಲಿ ಕಾನೂನೇ ಹಾಗೆ. ನನಗಂತೂ ಇದು ರೈತನಿಗಿಂತ ಜಮೀನಿಗೆ ಕೊಡೋ ಪೆನ್ಷನ್ ಥರ ಕಾಣುತ್ತೆ.

ಪಿಎಲ್‌ಸಿ ಬೇಡ ಅಂದ್ರೆ ಎಆರ್‌ಸಿ (ಅಗ್ರಿಕಲ್ಚರ್ ರಿಸ್ಕ್ ಕವರೇಜ್, ಆದಾಯ ಕುಸಿದ್ರೆ ಕೊಡೋದು) ಆರಿಸ್ಕೋಬಹುದು, ಅದರಲ್ಲಿ ಹೆಚ್ಚಿನವರು ತಗೊಳ್ಳೋದು ಇಡೀ ಕೌಂಟಿಯ (ನಮ್ಮ ಜಿಲ್ಲೆ ಥರ) ಆದಾಯ ನೋಡಿ ಕೊಡೋದನ್ನ. ನಮ್ಮ ಬೆಳೆವಿಮೇಲಿ ಗ್ರಾಮ ಪಂಚಾಯ್ತಿ ಸರಾಸರಿ ಹಿಡೀತಾರಲ್ಲ, ಅದೇ ಗೋಳು. ನಿಮ್ಮೊಬ್ಬರ ಹೊಲಕ್ಕೆ ಆಲಿಕಲ್ಲು ಬಿದ್ದು ಕೌಂಟಿ ಪೂರ್ತಿ ಚೆನ್ನಾಗಿದ್ರೆ ಇದರಿಂದ ಒಂದು ಸೆಂಟೂ ಬರಲ್ಲ, ಅದಕ್ಕೆ ವಿಮೆ ಬೇರೆ ಮಾಡಿಸಿರಬೇಕು.

ಇದರ ಮೇಲೆ ಆಗಾಗ ಸ್ಪೆಷಲ್ ಪ್ಯಾಕೇಜು. 2018ರಲ್ಲಿ ಟ್ರಂಪ್ ಸುಂಕ ಹಾಕಿದ್ದಕ್ಕೆ ಚೀನಾನೂ ಸೋಯಾ ಮೇಲೆ ಸುಂಕ ಹಾಕ್ತಲ್ಲ, ಆಗ ಸೋಯಾಕ್ಕೆ ಬುಶಲ್‌ಗೆ 1.65 ಡಾಲರ್ ಕೊಟ್ರು, ಜೋಳಕ್ಕೆ ಎಷ್ಟು ಗೊತ್ತಾ, 1 ಸೆಂಟ್. ಜೋಳದವರು ಉರ್ಕೊಂಡಿದ್ದು ಸಹಜವೇ.

ಪ್ರಶ್ನೆ: ಮತ್ತೆ ಜಮೀನು ಗುತ್ತಿಗೆಗೆ ಕೊಟ್ಟು ಸಿಟೀಲಿ ಇರೋರಿಗೆ?

ಉತ್ತರ: ಹಣದ ಗುತ್ತಿಗೆ ಆದ್ರೆ ದುಡ್ಡು ಉಳೋನಿಗೆ, ಪಾಲಿಗೆ ಕೊಟ್ಟಿದ್ರೆ ಇಬ್ಬರಿಗೂ ಹಂಚಿಕೆ. ಆದ್ರೆ ಸಬ್ಸಿಡಿ ಬರುತ್ತೆ ಅಂತ ಗೊತ್ತಿದ್ದ ಮಾಲೀಕ ಮುಂದಿನ ಸಲ ಗುತ್ತಿಗೆ ಏರಿಸದೆ ಬಿಡ್ತಾನಾ? ತಲೆಗೆ ಇಷ್ಟೇ ಅಂತ ಮಿತಿನೂ ಇದೆ, 1.25 ಲಕ್ಷ ಡಾಲರ್ ಇದ್ದದ್ದನ್ನ 2025ರಲ್ಲಿ 1.55 ಲಕ್ಷ ಮಾಡಿದ್ರು. ಅಣ್ಣ ತಮ್ಮ ಹೆಂಡತಿ ಎಲ್ಲ ಪಾಲುದಾರರಾಗಿ ಸೇರ್ಕೊಂಡ್ರೆ ತಲೆಗೊಂದೊಂದು ಮಿತಿ ಸಿಗುತ್ತೆ, ದೊಡ್ಡ ಫಾರ್ಮುಗಳು ದೊಡ್ಡ ಮೊತ್ತ ಎತ್ತೋದು ಹೀಗೇನೆ. ಯಾರಿಗೆಷ್ಟು ಹೋಗಿದೆ ನೋಡಬೇಕಂದ್ರೆ ಎನ್ವಿರಾನ್ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನೋ ಅಲ್ಲಿನ ಸ್ವಯಂಸೇವಾ ಸಂಸ್ಥೆಯವರು 1995ರಿಂದ ಲೆಕ್ಕ ಹಾಕಿ ವೆಬ್‌ಸೈಟಲ್ಲಿ ಇಟ್ಟಿದ್ದಾರೆ, ಮಗಳಿರೋ ಮೆಕ್ಲೀನ್ ಕೌಂಟಿ ಹೆಸರು ಹಾಕಿ ನೋಡಿ.