ಬಾಟಲಿ ಕಳೆದರೆ ಮಕ್ಕಳ ಹೆಸರು ಗ್ರೂಪಿಗೆ ಹಾಕಬೇಡಿ

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ಮಕ್ಕಳ ಆಪ್ತಸಮಾಲೋಚಕಿಯಾದ ನನಗೆ ಇವೇ ಪ್ರಶ್ನೆಗಳು. ರೇನ್‌ಕೋಟ್ ಹೋಯಿತು, ಜಾಮಿಟ್ರಿ ಬಾಕ್ಸ್ ಹೋಯಿತು, ಟಿಫಿನ್ ಡಬ್ಬಿಯ ಮುಚ್ಚಳ ಹೋಯಿತು, ತೆಗೆದವರನ್ನು ಹಿಡಿಯುವುದು ಹೇಗೆ ಅಂತ. ಈ ಸಲ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಮಗಳು ಎರಡನೇ ಕ್ಲಾಸು. ಹೊಸ ಸ್ಟೀಲ್ ಬಾಟಲಿ ಕಾಣೆಯಾಯಿತು. 'ಪಕ್ಕದಲ್ಲಿ ಕೂರೋಳು ತಗೊಂಡ್ಲಾ?' ಅಂತ ಕೇಳಿದ್ದಕ್ಕೆ ಹೂಂ ಅಂದಳು. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆ ಹುಡುಗಿಯ ಹೆಸರು ಹಾಕಿ ವಿಚಾರಿಸಿದೆ. ಅವಳ ಅಮ್ಮ ಗೇಟಿನ ಹತ್ತಿರ ಎಲ್ಲರೆದುರು ಜಗಳಕ್ಕೆ ಬಂದರು. ಬಾಟಲಿ ಇನ್ನೂ ಸಿಕ್ಕಿಲ್ಲ. ಮುಂದೇನು?

ಉತ್ತರ: ಮೊದಲು ಅದೇ ಗ್ರೂಪಿನಲ್ಲಿ, 'ಮಗುವಿನ ಹೆಸರು ಹಾಕಬಾರದಿತ್ತು, ತಪ್ಪಾಯಿತು' ಅಂತ ಬರೆಯಿರಿ. ಮೆಸೇಜು ಸುಮ್ನೆ ಡಿಲೀಟ್ ಮಾಡಿದರೆ ಸಾಲದು, ಓದಬೇಕಾದವರು ಆಗಲೇ ಓದಿಯಾಗಿದೆ.

ಇನ್ನು ನೀವು ಕೇಳಿದ ರೀತಿ. 'ಅವಳು ತಗೊಂಡ್ಲಾ?' ಅನ್ನುವುದರಲ್ಲೇ ಉತ್ತರ ಇದೆ. ಬಾಟಲಿ ಕಳೆದು ಬೈಗುಳಕ್ಕೆ ಹೆದರಿ ನಿಂತಿರುವ ಏಳು ವರ್ಷದ ಮಗುವಿಗೆ ಹೂಂ ಅನ್ನುವುದೇ ಸುಲಭದ ದಾರಿ. ಅದನ್ನೇ ಅಪ್ಪ, ಅಜ್ಜಿ, ಟೀಚರ್ ಎಲ್ಲರೂ ಮತ್ತೆ ಮತ್ತೆ ಕೇಳಿದರೆ, ಅವಳು ಬ್ಯಾಗಿಗೆ ಹಾಕಿಕೊಂಡಿದ್ದನ್ನು ತಾನು ಕಣ್ಣಾರೆ ನೋಡಿದೆ ಅಂತ ಮಗು ನಿಜವಾಗಿಯೂ ನಂಬಬಹುದು. ಅದು ಸುಳ್ಳು ಹೇಳುತ್ತಿಲ್ಲ. ಮಕ್ಕಳ ನೆನಪಿನ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆ ಪದೇ ಪದೇ ತೋರಿಸಿರುವುದು ಇದನ್ನೇ. 'ಕೊನೆಗೆ ಎಲ್ಲಿ ನೀರು ಕುಡಿದೆ?' ಅಂತ ಒಂದೇ ಸಲ ಕೇಳಿ ಸುಮ್ಮನಾಗಿ. ಪಿಟಿ ಪೀರಿಯಡ್ಡಿನ ನಂತರ ಗ್ರೌಂಡಿನ ಕಟ್ಟೆ, ವ್ಯಾನಿನ ಸೀಟಿನ ಕೆಳಗೆ, ಆಯಾ ಎತ್ತಿಟ್ಟಿರುವ ಮೂಲೆ, ಇವನ್ನೆಲ್ಲ ನೋಡಿದ್ದೀರಾ? ಒಂದೇ ಬಣ್ಣದ ಬಾಟಲಿ ಆ ಕ್ಲಾಸಿನಲ್ಲಿ ಇನ್ನೂ ಎಷ್ಟಿವೆ?

ಒಂದು ವೇಳೆ ಆ ಹುಡುಗಿಯ ಬ್ಯಾಗಿನಲ್ಲೇ ಇದೆ ಅಂದುಕೊಳ್ಳಿ. ಅದೂ ಕಳ್ಳತನವೇ ಆಗಬೇಕಿಲ್ಲ. ತನ್ನದೇ ಅಂತ ತಪ್ಪಾಗಿ ಎತ್ತಿಕೊಂಡಿರಬಹುದು, ಚೆಂದ ಕಂಡು ಇಟ್ಟುಕೊಂಡು ಆಮೇಲೆ ಹೇಳಲು ಹೆದರಿರಬಹುದು, ನಿಮ್ಮ ಮಗಳೇ ಕೊಟ್ಟು ಮರೆತಿರಬಹುದು. ಇದನ್ನು ವಿಚಾರಿಸಬೇಕಾದವರು ಕ್ಲಾಸ್ ಟೀಚರ್, ಅದೂ ಆ ಮಗುವಿನ ಹತ್ತಿರ ಒಂಟಿಯಾಗಿ, ಮೆಲ್ಲಗೆ. ನೀವು ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿ, ಯಾರ ಹೆಸರೂ ಇಲ್ಲದೆ.

ಆ ಅಮ್ಮನಿಗೆ ಫೋನ್ ಮಾಡಿ, ಮಕ್ಕಳು ಎದುರಿಗೆ ಇಲ್ಲದಾಗ. ಬಾಟಲಿಯ ಮಾತೇ ಎತ್ತಬೇಡಿ. ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ವಸ್ತುವಿನ ಬಣ್ಣ, ಬೆಲೆ, ಬ್ರ್ಯಾಂಡ್ ಎಲ್ಲ ಇರುತ್ತದೆ, ಹೆಸರು ಹಾಕಿಸಿಕೊಂಡ ಮಗು ಮರುದಿನ ಕ್ಲಾಸಿನಲ್ಲಿ ಯಾರ ಪಕ್ಕ ಕೂತಿತು ಅನ್ನುವುದು ಮಾತ್ರ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಆ ಮಗುವಿಗೂ ಏಳೇ ವರ್ಷ ಅಲ್ವಾ?

ಪ್ರಶ್ನೆ: ಅಂಜನ ಹಾಕಿಸಿದರೆ ಅಥವಾ ಮಂತ್ರಿಸಿದ ಅಕ್ಕಿ ತಿನ್ನಿಸಿದರೆ ಯಾರು ತೆಗೆದರು ಅಂತ ತಿಳಿಯುತ್ತದಂತೆ, ಮಾಡಿಸಬಹುದಾ?

ಉತ್ತರ: ಖಂಡಿತ ಬೇಡ. ಹೆದರಿದ ಯಾರಿಗಾದರೂ ಬಾಯಿ ಒಣಗುತ್ತದೆ, ಒಣಗಿದ ಬಾಯಲ್ಲಿ ಅಕ್ಕಿ ಇಳಿಯುವುದಿಲ್ಲ. ಅಂದರೆ ಸಿಕ್ಕಿಬೀಳುವುದು ಜಾಸ್ತಿ ಹೆದರಿಕೊಳ್ಳುವ ಮಗು. ಇದನ್ನೇ ದಂಧೆ ಮಾಡಿಕೊಂಡು ದಕ್ಷಿಣೆ ಇಸಿದುಕೊಳ್ಳುವವರ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುವುದು ಕ್ರೌರ್ಯ.

ಪ್ರಶ್ನೆ: ಒಂದನೇ ಕ್ಲಾಸಿನ ಹುಡುಗ ನನ್ನ ಮಗನ ವಾಚು ತೆಗೆದಿದ್ದಾನೆ. ಪೊಲೀಸ್ ದೂರು ಕೊಡಬಹುದಾ?

ಉತ್ತರ: ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ ಪ್ರಕಾರ ಏಳು ವರ್ಷ ತುಂಬದ ಮಗು ಮಾಡಿದ್ದು ಯಾವುದೂ ಅಪರಾಧವೇ ಅಲ್ಲ, ಸ್ಟೇಷನ್ ಮೆಟ್ಟಿಲು ಹತ್ತಬೇಡಿ.

ಪ್ರಶ್ನೆ: ನನ್ನ ಮಗನನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಅವನ ಬ್ಯಾಗ್ ಒಬ್ಬನದ್ದೇ ಸುರಿದು ನೋಡಿದರು. ಇದು ಸರಿಯಾ?

ಉತ್ತರ: ಸರಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲೇ ದೂರು ಕೊಡಿ, ಬಾಯಿಮಾತಿನಲ್ಲಿ ಮುಗಿಸಬೇಡಿ.

ಪ್ರಶ್ನೆ: ಯುಕೆಜಿ ಮಗಳ ಚಿನ್ನದ ಓಲೆ ಶಾಲೆಯಲ್ಲಿ ಬಿದ್ದುಹೋಯಿತು. ಯಾರನ್ನು ಹೊಣೆ ಮಾಡಲಿ?

ಉತ್ತರ: ಚಿನ್ನ ಹಾಕಿ ಕಳಿಸಿದವರನ್ನು.