ಗೋಧಿ ಹೊಲದಲ್ಲಿ ಚಿಪ್ಪು ಬೆಳೆಯುವುದಿಲ್ಲ

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: “ಹಳೆಯ ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾಕಲ್’ ಎಂಬ ಶಬ್ದ ಕಾಡುತ್ತಿದೆ. ಒಂದು ಕಡೆ ಅದನ್ನು ತಿನ್ನುತ್ತಾರೆ. ಇನ್ನೊಂದು ಕಡೆ ಅದು ಗೋಧಿ ಹೊಲದಲ್ಲಿ ಬೆಳೆಯುತ್ತದೆ. ಒದ್ದೆ ಕಾಗದವೂ ಕಾಕಲ್ ಆಗುತ್ತದೆ. ಕೊನೆಗೆ ಎದೆಯ ಕಾಕಲ್ ಬೆಚ್ಚಗಾಗುತ್ತದೆ! ನನ್ನ ನಿಘಂಟಿನಲ್ಲಿ ‘ಚಿಪ್ಪು’ ಅಂತ ಮಾತ್ರ ಇದೆ. ಎಲ್ಲ ಕಡೆ ಅದನ್ನೇ ಹಾಕಲೇ?”

ಸಂಪಾದಕರ ಉತ್ತರ:

ಬೇಡ, ಖಂಡಿತ ಬೇಡ. ನಾಲ್ಕೂ ಕಡೆ ನಾಲ್ಕು ಬೇರೆ ಮಾತೇ ಬೇಕು.

ತಿನ್ನುವ ಕಾಕಲ್‌ನ ನೆಂಟರು ನಿಮ್ಮ ಮನೆ ಹತ್ತಿರವೇ ಇದ್ದಾರೆ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು ಹೆಕ್ಕುತ್ತಾರಲ್ಲ, ಅಂಥದ್ದೇ ಎರಡು ಚಿಪ್ಪಿನ ಜೀವಿ ಇದೂ. ಬಳಚಿನ ಚಿಪ್ಪು ಜಾಸ್ತಿ ನುಣುಪು. ಕಾಕಲ್ ಚಿಪ್ಪಿನ ಮೇಲೆ ಬುಡದಿಂದ ಅಂಚಿನವರೆಗೆ ಬೀಸಣಿಗೆಯ ಮಡಿಕೆಯಂತೆ ಗೆರೆ ಎದ್ದಿರುತ್ತವೆ. ಉಗುರು ಎಳೆದರೆ ಕರಕರ ಎನ್ನುತ್ತದೆ. ಮುಚ್ಚಿದ ಚಿಪ್ಪನ್ನು ಪಕ್ಕದಿಂದ ನೋಡಿದರೆ ಹೃದಯದ ಆಕಾರ. ನಮ್ಮ ಪಶ್ಚಿಮ ಕರಾವಳಿಯ ಕೆಸರಿನಲ್ಲಿ ಸಿಗುವ ಇನ್ನೊಂದನ್ನೂ ಇಂಗ್ಲಿಷಿನಲ್ಲಿ ಕಾಕಲ್ ಅಂತಲೇ ಕರೆಯುತ್ತಾರೆ, ಕುಟುಂಬ ಬೇರೆಯಾದರೂ. ಅದರ ಮಾಂಸ ಕೆಂಪು. ನಮ್ಮ ಹಾಗೆ ಅದಕ್ಕೂ ಹಿಮೋಗ್ಲೋಬಿನ್ ಇದೆ. ಕಥೆಯಲ್ಲಿ ಊಟದ ಮಾತಷ್ಟೇ ಆಗಿದ್ದರೆ ‘ಬಳಚು’ ಎಂದೇ ಬರೆಯಿರಿ. ಅಂಕೋಲೆಯ ಓದುಗರಿಗೆ ಓದುವಾಗಲೇ ರುಚಿ ಸಿಗಲಿ. ಅಂದಹಾಗೆ, ಇಂಗ್ಲಿಷಿನವರಿಗೆ ಈ ಶಬ್ದ ಬಂದದ್ದು ಫ್ರೆಂಚ್, ಲ್ಯಾಟಿನ್ ದಾರಿಯಲ್ಲಿ. ಅದರ ಬೇರು ಗ್ರೀಕ್‌ನಲ್ಲಿದೆ. ಆ ಗ್ರೀಕ್ ಮಾತು ನಮ್ಮ ‘ಶಂಖ’ಕ್ಕೆ ನೆಂಟ.

ಗೋಧಿ ಹೊಲದ್ದು ಬೇರೆಯೇ ಶಬ್ದ, ಬರಹ, ಉಚ್ಚಾರ ಮಾತ್ರ ಒಂದೇ. ಅದು ನೇರಳೆಗೆಂಪು ಹೂವಿನ ಕಳೆ. ಬೀಜ ವಿಷ, ಹಿಟ್ಟಿನಲ್ಲಿ ಸೇರಿದರೆ ರೊಟ್ಟಿ ಕೆಟ್ಟಂತೆಯೇ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಯೋಬ, ತಾನು ತಪ್ಪು ಮಾಡಿದ್ದರೆ ಬಾರ್ಲಿಯ ಬದಲು ಕಾಕಲ್ ಬೆಳೆಯಲಿ ಎನ್ನುತ್ತಾನೆ. ಹೀಬ್ರೂ ಮೂಲದಲ್ಲಿದ್ದದ್ದು ಸುಮ್ನೆ ‘ನಾರುವ ಕಳೆ’ ಎಂಬಂಥ ಮಾತು. ಅನುವಾದಕರು ತಮ್ಮ ಹೊಲದಲ್ಲಿ ಕಂಡ ಕಳೆಯ ಹೆಸರು ಹಾಕಿದರು. ನೀವೂ ಧೈರ್ಯವಾಗಿ ‘ಕಳೆ’ ಎನ್ನಿ, ಸಾಕು.

ಕಾಗದದ್ದನ್ನು ಶಿರಸಿಯ ಮಳೆಗಾಲ ಕಂಡವರಿಗೆ ವಿವರಿಸಬೇಕಿಲ್ಲ. ಜುಲೈನಲ್ಲಿ ರೀಮಿನ ಕಟ್ಟು ಬಿಚ್ಚಿಟ್ಟರೆ ಬೆಳಗಾಗುವುದರೊಳಗೆ ಹಾಳೆಯ ಅಂಚು ಅಲೆಅಲೆಯಾಗಿ ಏಳುತ್ತದೆ. ಹೊರಗಿನ ಅಂಚು ತೇವ ಹೀರಿ ಹಿಗ್ಗುತ್ತದೆ, ನಡುಭಾಗ ಹಾಗೇ ಇರುತ್ತದೆ. ಹಿಗ್ಗಿದ್ದಕ್ಕೆ ಜಾಗ ಸಾಲದೆ ಮೇಲೆ ಏಳುತ್ತದೆ. ಅಂಥ ಹಾಳೆ ಮೆಷಿನ್ನಿಗೆ ಹೋದರೆ ಮುದುರಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಮ್ಮ ಮುದ್ರಕರು ಅಚ್ಚಿಗೆ ಕೂತ ಮೇಲೆಯೇ ಕಟ್ಟು ಬಿಚ್ಚುತ್ತಾರೆ. ‘ಕಾಗದ ಅಲೆಯೆದ್ದಿತ್ತು’ ಅಂತ ಬರೆಯಿರಿ.

ಇನ್ನು ಎದೆಯ ಕಾಕಲ್. ಚಿಪ್ಪು ಹೃದಯದಂತಿರುವುದರಿಂದ ಹಾಗೆ ಬಂತು ಎಂದು ಕೆಲವರು, ಹೃದಯದ ಕೋಣೆಗಳ ಲ್ಯಾಟಿನ್ ಹೆಸರಿನಿಂದ ಎಂದು ಕೆಲವರು ಹೇಳುತ್ತಾರೆ. ನಿಮಗೆ ಅದು ಬೇಕಿಲ್ಲ. ಅಲ್ಲಿಯ ಚಳಿಯಲ್ಲಿ ಎದೆ ಬೆಚ್ಚಗಾದರೆ ಸುಖ. ನಮಗೆ ತಂಪಾದರೆ ಸುಖ, ಅಲ್ವಾ? ‘ಅಜ್ಜಿಯ ಮಾತು ಕೇಳಿ ಮನಸ್ಸು ತಂಪಾಯಿತು’ ಅನ್ನಿ. ಕಥೆಯಲ್ಲಿ ಹಿಮ ಬೀಳುತ್ತಿದ್ದರೆ ಮಾತ್ರ ‘ಎದೆ ಬೆಚ್ಚಗಾಯಿತು’ ಇರಲಿ.

ಅನುವಾದ ಮುಗಿದ ಮೇಲೆ ನಮಗೇ ಕಳಿಸಿ. ಅಡಿಟಿಪ್ಪಣಿ ಮಾತ್ರ ಬೇಡ.