ಅರ್ಧ ಗಂಟೆ ಕರೆಂಟ್ ಹೋದರೆ ಮರುದಿನವೂ ನೀರಿಲ್ಲವೇಕೆ?

ಪ್ರಶ್ನೆ: ಕಾವೇರಿ ಪಂಪಿಂಗ್ ಕೇಂದ್ರದಲ್ಲಿ ಅರ್ಧ ಗಂಟೆ ಕರೆಂಟ್ ಹೋಯಿತೆಂದರೆ ನಮ್ಮ ಬಡಾವಣೆಗೆ ಮರುದಿನವೂ ನೀರು ಬರುವುದಿಲ್ಲ. ಹೀಗೇಕೆ? ಮೂರು ಕಡೆ ನೀರೆತ್ತುವ ಬದಲು ಒಂದೇ ಕಡೆ ದೊಡ್ಡ ಪಂಪುಗಳನ್ನು ಹಾಕಿದರೆ ಸಾಲದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಹತ್ತಿರದಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಊರಿಗೆ ಬಂದಾಗಲೂ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಅದನ್ನು ಮೇಲಕ್ಕೆತ್ತಬೇಕಾಗಿತ್ತು. ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯವರೆಗೆ ಇಳಿಜಾರಿನಲ್ಲಿ ತಾನಾಗಿ ಹರಿದು ಬಂದು ಅಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಮುಂದೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕೇಂದ್ರಗಳು ಅದನ್ನು ಒಟ್ಟು ಸುಮಾರು 500 ಮೀಟರ್ ಮೇಲಕ್ಕೇರಿಸಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಯಾವ ನಷ್ಟವೂ ಇಲ್ಲವೆಂದುಕೊಂಡರೂ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರು ಮತ್ತು ಕೊಳವೆಯ ಘರ್ಷಣೆಯಲ್ಲಾಗುವ ನಷ್ಟ ಸೇರಿದರೆ ಲೆಕ್ಕ ಇನ್ನೂ ಏರುತ್ತದೆ.

ಇದನ್ನೆಲ್ಲ ಒಂದೇ ನೆಗೆತಕ್ಕೆ ಮಾಡಹೊರಟರೆ ಕೊಳವೆಯ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 50 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಒತ್ತಡವೂ ವ್ಯಾಸವೂ ಹೆಚ್ಚಿದಂತೆಲ್ಲ ಉಕ್ಕಿನ ದಪ್ಪವನ್ನು ಹೆಚ್ಚಿಸಬೇಕಾದ್ದರಿಂದ, ಅಂತಹ ಕೊಳವೆಯನ್ನು ಹತ್ತಾರು ಕಿಲೋಮೀಟರ್ ಹಾಕುವ ಖರ್ಚಿಗಿಂತ ಏರಿಕೆಯನ್ನು ಹಂಚಿ ನಡುನಡುವೆ ತೊಟ್ಟಿಗಳನ್ನು ಕಟ್ಟುವುದೇ ಸರಿಯಾದ ದಾರಿ.

ಇನ್ನು ಕರೆಂಟ್ ಹೋದಾಗಿನ ಸಂಗತಿ. ಮೂರು ಮೀಟರ್ ವ್ಯಾಸದ ಏರುಕೊಳವೆಯ ಪ್ರತಿ ಮೀಟರ್ ಉದ್ದದಲ್ಲಿ ಏಳು ಟನ್ ನೀರಿರುತ್ತದೆ. ಪಂಪು ನಿಂತಾಕ್ಷಣ ಈ ನೀರು ನಿಲ್ಲುವುದಿಲ್ಲ. ಅದು ಮುಂದಕ್ಕೆ ಸಾಗುತ್ತಲೇ ಇರುವುದರಿಂದ ಹಿಂಭಾಗದಲ್ಲಿ ಒತ್ತಡ ಕುಸಿದು, ಕೆಲವೊಮ್ಮೆ ಕೊಳವೆಯೊಳಗೇ ಖಾಲಿ ಜಾಗ ಉಂಟಾಗುತ್ತದೆ. ಮುಂದೆ ಹೋದ ನೀರು ಮರುಕ್ಷಣ ಹಿಂದಿರುಗಿ ಬಡಿದರೆ ಬೆಸುಗೆಯೇ ಬಿಟ್ಟುಕೊಳ್ಳಬಹುದು. ಈ ಹೊಡೆತವನ್ನು ತಡೆಯಲೆಂದೇ ಕೇಂದ್ರಗಳಲ್ಲಿ ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್‌ಗಳೂ, ಮಾರ್ಗದಲ್ಲಿ ಒತ್ತಡದ ಏರಿಳಿತವನ್ನು ತಾಳಿಕೊಳ್ಳುವ ತೊಟ್ಟಿ (ಸರ್ಜ್ ಟ್ಯಾಂಕ್), ಏರ್ ವಾಲ್ವ್‌ಗಳೂ ಇರುತ್ತವೆ. ಕನಕಪುರ ರಸ್ತೆಯಲ್ಲಿ ಹೋಗುವವರು ಕೊಳವೆಯ ಬೆನ್ನ ಮೇಲೆ ಕಾಣುವ ಕಬ್ಬಿಣದ ಗುಬುಟುಗಳನ್ನು ಗಮನಿಸಿರಬಹುದು. ಗಾಳಿಯನ್ನು ಒಳಬಿಡುವುದೂ ಹೊರಬಿಡುವುದೂ ಅವುಗಳ ಕೆಲಸ.

ಕರೆಂಟ್ ಬಂದ ಮೇಲೂ ಎಲ್ಲ ಪಂಪುಗಳನ್ನು ಒಟ್ಟಿಗೆ ಚಾಲೂ ಮಾಡುವಂತಿಲ್ಲ. ಹೊರಹರಿವಿನ ವಾಲ್ವ್ ಮುಚ್ಚಿಟ್ಟು ಒಂದು ಮೋಟಾರನ್ನು ಓಡಿಸಿ, ಗೇಜಿನ ಮುಳ್ಳನ್ನು ನೋಡುತ್ತ ವಾಲ್ವನ್ನು ಮೆಲ್ಲಗೆ ತೆರೆದು, ಕೊಳವೆಯ ಗಾಳಿ ಹೊರಹೋದ ಬಳಿಕವೇ ಮುಂದಿನ ಪಂಪಿಗೆ ಕೈ ಹಾಕುತ್ತಾರೆ. ಮುಂದಿನ ಕೇಂದ್ರದ ತೊಟ್ಟಿ ತುಂಬದೆ ಅಲ್ಲಿಯ ಪಂಪು ಪೂರ್ತಿ ಓಡುವುದೂ ಸಾಧ್ಯವಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಗುವ ಮೊದಲು ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು; ಆ ಲೆಕ್ಕದಲ್ಲೇ ಅರ್ಧ ಗಂಟೆಗೆ 3 ಕೋಟಿ ಲೀಟರ್ ಖೋತಾ. ಮರುಚಾಲನೆಯ ಹೊತ್ತಿನ ನಷ್ಟ ಬೇರೆ. ನಗರದ ಜಲಸಂಗ್ರಹಾಗಾರಗಳ ಮಟ್ಟ ಇಳಿದಾಗ ಮೊದಲು ಪೆಟ್ಟು ಬೀಳುವುದು ಎತ್ತರದ ಮತ್ತು ಕೊಳವೆಯ ಕೊನೆಯ ಬಡಾವಣೆಗಳಿಗೆ. ಸರದಿಯಂತೆ ನೀರು ಬಿಡುವ ಕಡೆ ನಿಮ್ಮ ಸರದಿ ಅದೇ ಹೊತ್ತಿಗೆ ಬಿದ್ದಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಕು. ಪ್ರತ್ಯೇಕ ವಿದ್ಯುತ್ ಮಾರ್ಗಕ್ಕೂ ಹೆಚ್ಚುವರಿ ಪಂಪುಗಳಿಗೂ ಮಾಡುವ ಖರ್ಚನ್ನು ದುಂದು ಎನ್ನಬಾರದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನೀರಿನ ಒತ್ತಡ ಕಡಿಮೆಯಿರುವಾಗ ಬೀದಿಯ ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸಿದರೆ ತಪ್ಪೇನು?
– ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪೇ. ನೆರೆಯವರ ಪಾಲು ಕಡಿಮೆಯಾಗುವುದಷ್ಟೇ ಅಲ್ಲ, ಮೋಟಾರ್ ಎಳೆಯುವ ರಭಸಕ್ಕೆ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕೆಳಗಿಳಿದು, ಸಡಿಲವಾದ ಜೋಡಣೆಗಳ ಮೂಲಕ ಚರಂಡಿಯ ನೀರು ಒಳಸೇರುತ್ತದೆ. ನಲ್ಲಿಯ ನೀರು ಮೊದಲು ಸಂಪಿಗೆ ಬೀಳಲಿ. ಮೋಟಾರ್ ಅಲ್ಲಿಂದ ಎತ್ತಲಿ.